ಭಾವನ ಅಭಾವ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೋಟಾರು ವಿನ್ಯಾಸ ವಿಭಾಗದ ಕಿಟಕಿ ಪಕ್ಕದ ಕುರ್ಚಿ ಇಂದಿನಿಂದ ಭಾವನ ಸ್ವತ್ತು.

ಕುರ್ಚಿ ಹೋಗಲಿ, ಅದಕ್ಕೆ ನಾಲ್ಕು ಕಾಲಿದೆ, ಎಲ್ಲಿಗಾದ್ರೂ ಹೋಗುತ್ತೆ. ಆದರೆ ಭಾಮೈದ ಕಂಪ್ಯೂಟರಿನೊಳಗೆ ವರ್ಷಗಟ್ಟಲೆ ಓಡಿಸಿ, ಕಾಯಿಸಿ, ಸುಟ್ಟು, ಮತ್ತೆ ಬದುಕಿಸಿ ತಿದ್ದಿದ ಮೋಟಾರು? ಅದರ ಮೇಲೂ ಭಾವನ ಹೆಸರೇ ಬಿತ್ತು. ಅಕ್ಕನನ್ನು ಕಟ್ಟಿಕೊಂಡ, ಕುರ್ಚಿ ಕಿತ್ತುಕೊಂಡ, ಈಗ ಮೋಟಾರನ್ನೂ ಹೊಡ್ಕೊಂಡ. ಭಾವನ ಪ್ರಭಾವ ಜಾಸ್ತಿಯಾಯ್ತು. ಇನ್ನು ಅಭಾವ ಆಗಬೇಕು.

ಅದಕ್ಕೆ ಚಾಕು ಬೇಡ, ವಿಷ ಬೇಡ. ಒಂದು ಮೈನಸ್ ಸಾಕು.

ಹೊಸ ಕಾರಿನ ಬ್ರೇಕ್ ಒತ್ತಿದರೆ ಮೋಟಾರೇ ಗಾಡಿಯನ್ನು ಹಿಂದಕ್ಕೆಳೆದು ನಿಲ್ಲಿಸಬೇಕು. ಮೋಟಾರನ್ನು ಆಳುವ ಪ್ರೋಗ್ರಾಮಿನಲ್ಲಿ ಒಂದು ಮೈನಸ್ ಅಳಿಸಿದರೆ, ಹಿಂದಕ್ಕೆಳೆಯೋ ಮೋಟಾರು ಮುಂದಕ್ಕೆ ತಳ್ಳುತ್ತೆ. ಬೇರೆ ಬ್ರೇಕ್ ಇನ್ನೂ ಕೂರಿಸಿಲ್ಲ. ಕಾರು ಪರೀಕ್ಷಿಸುವ ಅಂಗಳದಲ್ಲಿ ಇಳಿಜಾರು, ಇಳಿಜಾರಿನ ಕೊನೆಗೆ ಕಾಂಕ್ರೀಟ್ ಗೋಡೆ. ಮೊದಲ ಸವಾರಿ ಯಾವಾಗಲೂ ಭಾವನದೇ. ಪ್ಲಸ್ಸು ಮೈನಸ್ಸು ಅದಲುಬದಲು ಮಾಡದ ಎಂಜಿನಿಯರೇ ಇಲ್ಲ, ಯಾರೂ ಕೊಲೆ ಅನ್ನಲ್ಲ. ಅಕ್ಕ? ಸ್ವಲ್ಪ ದಿನ ಅಳ್ತಾಳೆ. ತಾಯಿಯಿಲ್ಲದ ತನ್ನನ್ನು ಸಾಕಿದವಳು, ಇನ್ನು ಮೇಲೆ ಅವಳನ್ನ ತಾನು ನೋಡ್ಕೊಂಡ್ರಾಯ್ತು.

ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ. ಚಾಲಕನ ತೂಕದ ಜಾಗದಲ್ಲಿ ಭಾವನ ತೂಕ. ವೇಗದ ಕೆಂಪು ಗೆರೆ ಸರ್ರನೆ ಏರಿ ಗೋಡೆ ಹತ್ತಿರ ಕಡಿದುಹೋಯ್ತು. ಭಾವ ಸತ್ತ. ಇಳಿಜಾರು ಕಮ್ಮಿ ಮಾಡಿದ. ಸತ್ತ. ಬ್ಯಾಟರಿ ಅರ್ಧ ಮಾಡಿದ. ನಿಧಾನಕ್ಕೆ ಸತ್ತ.

ಹೆಗಲ ಮೇಲೆ ಒಂದು ಕೈ ಬಿತ್ತು.

"ಏನಪ್ಪಾ, ಊಟ ಆಯ್ತಾ?" ಅಂದ ಸತ್ತವನು.

"ಆ... ಆಯ್ತು ಭಾವ."

"ಮುಖ ಯಾಕೋ ಹೆಣದ ಥರ ಆಗಿದೆ?"

ಅವತ್ತಿನಿಂದ ಭಾವನ ಹಣೆ ಮೇಲೆ ಆ ಕೆಂಪು ಗೆರೆ ಕಾಣೋಕೆ ಶುರುವಾಯ್ತು. ಮನೇಲಿ ಫ್ಯಾನ್ ಗುಂಯ್ ಅಂದರೂ ಮೋಟಾರಿನದೇ ಸದ್ದು, ಅದರ ಹಿಂದೆಯೇ "ಊಟ ಆಯ್ತಾ?"

ಆದರೂ ಪರೀಕ್ಷೆಯ ಹಿಂದಿನ ರಾತ್ರಿ ನಿಜವಾದ ಕಾರಿನ ಪ್ರೋಗ್ರಾಮಿನಲ್ಲೂ ಆ ಮೈನಸ್ ಅಳಿಸಿಬಿಟ್ಟ. ಪರೀಕ್ಷೆಯ ದಿನ ಅಕ್ಕನೂ ನೋಡೋಕೆ ಬಂದಳು. ಕಾರು ಇಳಿಜಾರಿನ ಮೇಲ್ತುದಿಯಲ್ಲಿ, ಚಾರ್ಜಿಗೆ ಅಂತ ಮೂತಿಯನ್ನು ಶೆಡ್ಡಿನೊಳಗೆ ತೂರಿಸಿ ನಿಂತಿತ್ತು. ಭಾವ ಹತ್ತಿದವನೇ ಹಾಗೇ ಹಿಂದುಹಿಂದಕ್ಕೆ ಇಳಿಸಿದ. ಭಾಮೈದ ಕಣ್ಣು ಮುಚ್ಚಿದ. ಸದ್ದೇ ಇಲ್ಲ. ಕಣ್ಣು ಬಿಟ್ಟರೆ, ಕಾರು ಗೋಡೆಗೆ ಮೊಳ ದೂರದಲ್ಲಿ ಸಾಧು ಹಸುವಿನ ಹಾಗೆ ನಿಂತಿದೆ.

"ಭೇಷ್ ಕಣೋ!" ಭಾವ ಓಡಿ ಬಂದು ತಬ್ಬಿಕೊಂಡ. "ಈ ಮೋಟಾರಿಗೆ ನಿನ್ನ ಹೆಸರೇ ಹಾಕಿಸ್ತೀನಿ, ನನ್ನದು ತೆಗೆಸ್ತೀನಿ. ಹಿಂದಿನದು ನಂದಾಯ್ತು, ಮುಂದಿನದು ನಿಂದು!"

ಮೆಕ್ಯಾನಿಕ್‌ಗಳು ಕಾರನ್ನು ಮೇಲಕ್ಕೆ ತಳ್ಳಿ, ಮೂತಿಯನ್ನು ಗೋಡೆ ಕಡೆ ತಿರುಗಿಸಿ, ಬೇಡ ಬೇಡ ಅಂದರೂ ಕೇಳದೆ ಭಾಮೈದನನ್ನು ಸೀಟಿಗೆ ದಬ್ಬಿದರು. ಪಕ್ಕದಲ್ಲಿ ಅಕ್ಕ ಕೂತು ಬಾಗಿಲೆಳೆದುಕೊಂಡಳು.

"ನನ್ನ ತಮ್ಮ ಓಡಿಸ್ತಾನೆ ಅಂದ್ರೆ ನನಗೇನೋ ಭಯ!"

ಭಾವ ನಗುತ್ತಾ ಗಾಲಿಗೆ ಅಡ್ಡ ಕೊಟ್ಟಿದ್ದ ಮರದ ತುಂಡನ್ನು ಒದ್ದು ಸರಿಸಿದ. ಕಾರು ಜಾರಿತು. ಭಾಮೈದನ ಕಾಲು ಯೋಚನೆಗಿಂತ ಮೊದಲೇ ಬ್ರೇಕ್ ಮೇಲೆ ಬಿತ್ತು. ಗೋಡೆ ಹತ್ತಿರಾಗುತ್ತಿದ್ದ ಹಾಗೆ ಅವನಿಗೆ ಹೊಳೆಯಿತು: ಭಾವನನ್ನು ಅಷ್ಟು ಸಲ ಕೊಂದ ಆ ಕಂಪ್ಯೂಟರ್ ಕಾರಿಗೆ ತಾನು ರಿವರ್ಸ್ ಗೇರನ್ನೇ ಇಟ್ಟಿರಲಿಲ್ಲ. ಹಿಂದಕ್ಕೆ ಹೋಗೋ ಗಾಡೀನ ಮುಂದಕ್ಕೆ ತಳ್ಳಿದರೆ, ಅದಕ್ಕೇ ಬ್ರೇಕ್ ಅನ್ನೋದು.