ಕಹಳೆಯ ಮುಂದೆ ಎರಡು ಕಂಠ

"ನಿನ್ನ ಗಂಟಲಿನ ಕಥೆ ಮುಗೀತು ಕಣೇ! ಇನ್ನು ಉಳಿದಿರೋದು ಬಾಯಿ ಮಾತ್ರ..." ಅತ್ತೆ ಕ್ರೆಸೆಂಟಿಯಾ ಕಾಫಿಯ ಮೇಲಿನ ಕೆನೆಯನ್ನು ಚಮಚದಲ್ಲೆತ್ತಿ ಚಪ್ಪರಿಸಿದಳು.

ಹದಿನೆಂಟು ವರ್ಷ ವಿಯೆನ್ನಾದ ಸಭಾಂಗಣಗಳನ್ನು ತುಂಬಿಸಿದ ಸೊಸೆ ಒಟೀಲಿಯ ಕಂಠ, ಕಳೆದ ಚಳಿಗಾಲದ ಜ್ವರದ ನಂತರ ಮೇಲಿನ ಸ್ವರಗಳಲ್ಲಿ ಒಡೆಯುತ್ತಿತ್ತು. ಅದು ಮನೆಯವರಿಗಷ್ಟೇ ಗೊತ್ತು. ಆ ಕಂಠದ ಅನ್ನ ತಿಂದೇ ಅತ್ತೆಯ ಕೆನ್ನೆ ಇಷ್ಟು ಕೆಂಪಾಗಿತ್ತು. ಗಂಡ ಲಿಯೊಪೋಲ್ಡ್, ಪಿಯಾನೊ ಬಿಟ್ಟರೆ ಅಮ್ಮನಿಗೆ ತಲೆಯಾಡಿಸುವುದೊಂದನ್ನೇ ಕಲಿತವನು, ಬನ್ನಿಗೆ ಬೆಣ್ಣೆ ಸವರುತ್ತಿದ್ದ.

"ಇವತ್ತು ರೆಕಾರ್ಡಿಂಗ್ ಕಹಳೆ ಮುಂದೆ ಕೆಳಗಿನ ಸ್ವರ ನೀನು ಹಾಡು. ಮೇಲಕ್ಕೆ ಹೋಗುವಾಗ ಹೇಗೂ ಹಿಂದೆ ಸರೀಬೇಕಲ್ಲ? ಆಗ ಹಿಂದೆ ನಿಂತಿರೋ ಆಫ್ರಾ ಹಾಡ್ಲಿ. ಗ್ರಾಮಫೋನ್ ತಟ್ಟೆ ಮೇಲೆ ಹೆಸರು ನಿಂದೇ," ಎಂದಳು ಅತ್ತೆ.

"ನನ್ನ ಮಗಳ ಹೆಸರು?"

"ಹದಿನೇಳರ ಹುಡುಗಿಗೆ ಯಾಕೆ ಹೆಸರು! ಮುಂದೆ ನಿನ್ನ ಕಛೇರಿಗಳಲ್ಲೂ ಪರದೆ ಹಿಂದೆ ಹಾಡ್ತಾಳೆ."

"ರೀ, ನೀವೇನಂತೀರಿ?"

"ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ..."

"ಮದುವೆ ದಿನಾನೂ ಇದನ್ನೇ ಹೇಳಿದ್ರಿ. ಹೊಸದೇನೂ ಕಲೀಲಿಲ್ಲ ಅನ್ನಿ!"

ಧ್ವನಿಮುದ್ರಣದ ಕೋಣೆಯಲ್ಲಿ ತಗಡಿನ ಕಹಳೆ ಬಾಯ್ತೆರೆದು ನಿಂತಿತ್ತು; ಸ್ವರ ಕೊರೆದುಕೊಳ್ಳುವ ಮೇಣದ ತಟ್ಟೆ, ಅದನ್ನು ತಿರುಗಿಸುವ ಯಂತ್ರದವನು ಮರದ ಅಡ್ಡಗೋಡೆಯಾಚೆ. ತಾರಸ್ವರವನ್ನು ಅದರ ಹತ್ತಿರ ಹಾಡಿದರೆ ಸೂಜಿ ಅದುರಿ ಮೇಣ ಕೆಡುತ್ತದೆ. ಅದಕ್ಕೇ ಗಾಯಕಿಯರು ಎರಡು ಹೆಜ್ಜೆ ಹಿಂದೆ ಸರಿದು ಹಾಡಿ, ಸ್ವರ ಇಳಿದಾಗ ಮತ್ತೆ ಮುಂದೆ ಬರುತ್ತಿದ್ದರು. ಒಟೀಲಿ ಮೊದಲ ಚರಣ ಹಾಡಿದಳು. ರಾಗ ಮೇಲೇರಿತು. ಅವಳು ಸರಿದಳು, ಹಿಂದೆ ನಿಂತಿದ್ದ ಆಫ್ರಾ ಹಾಡಿದಳು... ಆಹಾ, ಎಲ್ಲೂ ಬಿರುಕಿಲ್ಲದ ಸ್ವರ! ರಾಗ ಇಳಿಯಿತು. ಲಿಯೊಪೋಲ್ಡ್ ಪಿಯಾನೊದಿಂದಲೇ ಹೆಂಡತಿಗೆ ಮುಂದೆ ಬಾ ಎಂದು ಕಣ್ಸನ್ನೆ ಮಾಡಿದ.

ಒಟೀಲಿ ಕದಲಲಿಲ್ಲ. ಗಾಬರಿಯಿಂದ ತಿರುಗಿದ ಮಗಳಿಗೆ, ಹಾಡು ಎಂದು ಕೈಯಾಡಿಸಿದಳು. ಆಫ್ರಾ ಕೊನೆಯವರೆಗೂ ಹಾಡಿದಳು.

"ಅಮ್ಮಾವ್ರೇ, ಕೆಳಗಿನ ಸ್ವರದಲ್ಲೇ ಎರಡು ಕಂಠ ಬಂದಿದೆ. ಮೇಣ ದಂಡವಾಯ್ತು!" ಆಚೆಯಿಂದ ಯಂತ್ರದವನು ಕೂಗಿದ.

"ಬೇರೆ ಮೇಣ ಇಡಿ. ಪೂರ್ತಿ ಇವಳೇ ಹಾಡ್ತಾಳೆ. ಹೆಸರು ಬರ್ಕೊಳ್ಳಿ: ಆಫ್ರಾ," ಎಂದಳು ಒಟೀಲಿ.

"ಮತ್ತೆ ನೀವು?"

ಅತ್ತೆ ಅವಳ ತೋಳು ಚಿವುಟಿದಳು. "ಬಾಯ್ಬಿಟ್ರೆ ನಾಳೆಯಿಂದ ಯಾರೂ ಕರೆಯಲ್ಲ, ಮೂರ್ಖಳೇ!"

ಹೊಲಸು ತಗುಲಿದವಳಂತೆ ಒಟೀಲಿ ಆ ಬೆರಳುಗಳನ್ನು ಬಿಡಿಸಿ ಕೆಳಗಿಟ್ಟಳು.

"ನನ್ನ ಕಂಠ ಹೋಯ್ತು ಸ್ವಾಮಿ," ಎಂದಳು ಯಂತ್ರದವನಿಗೆ. "ಪತ್ರಿಕೆಯವರಿಗೂ ಹೇಳಿ."

ಹೊಸ ಮೇಣ ತಿರುಗತೊಡಗಿತು. ಒಟೀಲಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಮಗಳ ಸ್ವರ ಏರುತ್ತಿದ್ದಂತೆ ತಾಯಿಯ ಗಂಟಲು ಹಾಡಲು ತಾನಾಗಿಯೇ ಮಿಡಿಯಿತು... ತುಟಿಗಳನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು ಒಟೀಲಿ ಕೇಳುತ್ತ ಕುಳಿತಳು.