ಪಕ್ಕದ ಸೀಟಿಗೊಂದು ಟೀ

ಆಗಸ್ಟ್ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಅಜ್ಜಂಪುರ ಠಾಣೆಗೆ ಬಂದ ಈರುಳ್ಳಿ ವ್ಯಾಪಾರಿ ದುಶ್ಯಂತ್ ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಹಚ್ಚಿಕೊಂಡ. ಮಂಡಿಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ ಪಿಕಪ್ ಗಾಡಿಯಿಂದ ಹೊಸ ಸ್ಟೀರಿಯೋ, ಮುಂದಿನ ಗಾಜಿಗೆ ಅಂಟಿಸಿದ್ದ ಕ್ಯಾಮೆರಾ, ಎರಡೂ ಮಾಯವಾಗಿದ್ದವು. ಅವನ್ನು ಅಂಗಡಿಯವನು ಕೂರಿಸಿಕೊಟ್ಟದ್ದಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಎರಡು ಭಾನುವಾರ ಬೆನ್ನು ಬಗ್ಗಿಸಿ, ಬೆರಳ ತುದಿ ತರಚಿಕೊಂಡು ತಾನೇ ಕೂರಿಸಿದ್ದು. ಹೋದ ಮಾಲಿಗಿಂತ ಆ ಎರಡು ಭಾನುವಾರದ ಸಂಕಟವೇ ಅವನಿಗೆ ಹೆಚ್ಚಾದಂತಿತ್ತು. ಗಾಡಿಯೋ ಹನ್ನೊಂದು ವರ್ಷದ ಹಳೆಯದು. ಮೂಗಿಗಿಂತ ಮೂಗುತಿಯೇ ಭಾರ.

ಪಿಎಸ್‌ಐ ನಿಶ್ಚಿತಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಈರಭದ್ರಪ್ಪನವರನ್ನು ಕರೆದುಕೊಂಡು ಶೆಡ್ಡಿಗೆ ಹೊರಟಳು. ಅವಳು ಅಜ್ಜಂಪುರಕ್ಕೆ ವರ್ಗವಾಗಿ ಬಂದು ಏಳೆಂಟು ತಿಂಗಳಾಗಿತ್ತು. ಊರಲ್ಲಿ ನಮಸ್ಕಾರ ಹೊಡೆಯುವವರು ಬೇಕಾದಷ್ಟು ಜನ, ಕೂತು ಮಾತಾಡುವವರು ಒಬ್ಬರೂ ಇಲ್ಲ. ಕ್ವಾರ್ಟರ್ಸಿನಲ್ಲಿ ಸಾರು ಕುದಿಸುವಾಗ ಉಪ್ಪು ಹೆಚ್ಚಾಯಿತೇನೋ ಅಂತ ಒಲೆಯನ್ನೇ ಕೇಳುವ ಅಭ್ಯಾಸ ಅವಳಿಗೆ ಯಾವಾಗ ಹತ್ತಿಕೊಂಡಿತೋ ಅವಳಿಗೇ ಗೊತ್ತಿಲ್ಲ.

ಸ್ಥಳ ಪಂಚನಾಮೆ ಬರೆಯಲು ಕೂತ ಈರಭದ್ರಪ್ಪನವರ ಪೆನ್ನು ಅಲ್ಲೇ ನಿಂತಿತು. ಹೊಸ ಸ್ಟೀರಿಯೋ ಇದ್ದ ಜಾಗ ಬೋಳಾಗಿರಲಿಲ್ಲ. ಹಳೆಯ ಸ್ಟೀರಿಯೋ ಅಲ್ಲಿ ನೆಟ್ಟಗೆ ಕೂತಿತ್ತು. ಕೀ ತಿರುಗಿಸಿದರೆ ಹಾಡೂ ಬಂತು. ಕ್ಯಾಮೆರಾದಿಂದ ಬಿಡಿಸಿದ ವೈರುಗಳ ತುದಿಗೆ, ಒಂದಕ್ಕೊಂದು ತಾಗದಂತೆ, ಬೇರೆ ಬೇರೆಯಾಗಿ ಟೇಪು ಸುತ್ತಿತ್ತು. ಸ್ಟೀರಿಯೋ ನೆತ್ತಿಯ ಮೇಲೆ ಕುಂಕುಮದ ಬೊಟ್ಟು, ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಉರಿದು ಮುಗಿದ ಎರಡು ಊದುಬತ್ತಿ ಕಡ್ಡಿ.

"ಕದ್ದಿದ್ದೂ ಅಲ್ದೆ ಪೂಜೆ ಮಾಡಿ ಹೋಗವ್ನಲ್ಲ ಮೇಡಂ," ಅಂದರು ಈರಭದ್ರಪ್ಪ.

ವೈರು ಕತ್ತರಿಸಿ ಕಿತ್ತುಕೊಂಡು ಓಡುವ ಕಳ್ಳರನ್ನು ಅವರು ಸರ್ವೀಸಿನಲ್ಲಿ ಎಷ್ಟೋ ಜನರನ್ನು ಕಂಡಿದ್ದರು. ಗಾಡಿಗೆ ನೋವಾಗಬಾರದು ಅಂತ ನೋಡಿಕೊಂಡ ಕಳ್ಳ ಇವನೊಬ್ಬನೇ.

ಇಂಥ ಪೂಜೆ ಯಾರು ಮಾಡುತ್ತಾರೆ ಎಂದು ನಿಶ್ಚಿತಾ ಕೇಳಿದಳು. ತನ್ನ ಡ್ರೈವರ್ ಗಿಡ್ಡಪ್ಪ, ಎಂದ ದುಶ್ಯಂತ್. ಒಂದು ಬಲ್ಬು ಹಾಕಿಸಿದರೂ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದ ಮೇಲೇ ಗಾಡಿ ಎತ್ತುವವನು. ಹಳೆಯ ಸ್ಟೀರಿಯೋ ಅಟ್ಟದ ಮೇಲಿನ ಗೋಣಿಚೀಲದಲ್ಲಿತ್ತೆಂದು, ಶೆಡ್ಡಿನ ಕೀ ಯಾವ ಮೊಳೆಗೆ ನೇತುಹಾಕಿರುತ್ತದೆಂದು ಗೊತ್ತಿದ್ದವನೂ ಅವನೇ. ಆದರೂ ಅವನ ಮೇಲೆ ಅನುಮಾನವಿಲ್ಲ ಅಂತ ದುಶ್ಯಂತ್ ತಲೆಯಾಡಿಸಿದ. ಬಾಯಿ ಸತ್ತವನು, ಶುಕ್ರವಾರವೇ ರಜಾ ಹೇಳಿ ಚೌಳಹಿರಿಯೂರಿನ ಅಕ್ಕನ ಮನೆಗೆ ಹೋದನಂತೆ.

"ರಜಾ ಯಾಕೆ ಕೇಳ್ದ?"

ದುಶ್ಯಂತ್ ಹಲ್ಲು ಕಿರಿದು ಮೊಬೈಲು ತೆಗೆದ. ಕ್ಯಾಮೆರಾದ ಕಾರ್ಡಿನಿಂದ ತೆಗೆದುಕೊಂಡ ಒಂದು ತುಣುಕು. ಗಾಜಿನಾಚೆ ತರೀಕೆರೆಯ ರಸ್ತೆಬದಿಯ ಟೀ ಗೂಡು, ಹುಣಸೆ ಮರ. ಗಾಡಿಯೊಳಗಿನವರು ಕಾಣುವುದಿಲ್ಲ, ಗಿಡ್ಡಪ್ಪನ ದನಿ ಮಾತ್ರ. "ತಗೋ ಕಣೇ, ಬಿಸಿ ಐತೆ, ನಿಧಾನ." ಟೀ ಹೀರುವ ಸದ್ದು. ಆಮೇಲೆ, "ಸಕ್ಕರೆ ಜಾಸ್ತಿ ಆಯ್ತೇನೇ?" ಅದಕ್ಕೆ ಉತ್ತರ ಕೇಳಿಸಲಿಲ್ಲ.

ಇದನ್ನು ದುಶ್ಯಂತ್ ತಮಾಷೆಗೆಂದು ಮಂಡಿಯವರ ಗ್ರೂಪಿಗೆ ಹಾಕಿದ್ದ. ಅಲ್ಲಿಂದ ಎರಡು ದಿನ ಗಿಡ್ಡಪ್ಪ ಚೀಲ ಇಳಿಸಿದಲ್ಲೆಲ್ಲ ಹಮಾಲರು, ದಲ್ಲಾಳಿಗಳು, ಕೊನೆಗೆ ತಕ್ಕಡಿ ಹಿಡಿಯುವವನೂ ಅದನ್ನೇ ಕೇಳಿದರು: ಸಕ್ಕರೆ ಜಾಸ್ತಿ ಆಯ್ತೇನೇ? ಮೂರನೇ ದಿನ ಗಿಡ್ಡಪ್ಪ ರಜಾ ಕೇಳಿದ.

ತುಣುಕಿನಲ್ಲಿ ಇಂಜಿನ್ ಸದ್ದೇ ಇರಲಿಲ್ಲ. ಗಾಡಿ ಆಫ್ ಆದಾಗಲೂ ಕ್ಯಾಮೆರಾ ಓಡುತ್ತದೆಯೇ ಎಂದು ನಿಶ್ಚಿತಾ ಕೇಳಿದಳು. ದುಶ್ಯಂತ್ ತಲೆ ಕೆರೆದುಕೊಂಡ. ಕೀ ಹಾಕಿದಾಗ ಮಾತ್ರ ಕರೆಂಟು ಬರುವ ಲೈನಿಗೆ ಕೊಡಬೇಕಿತ್ತು, ಗೊತ್ತಾಗದೆ ಸದಾ ಕರೆಂಟು ಇರುವ ಲೈನಿಗೆ ಕೊಟ್ಟುಬಿಟ್ಟಿದ್ದ. ಬೆಳಗಾದರೆ ಬ್ಯಾಟರಿ ಇಳಿದಿರುತ್ತೆ ಅಂತ ಗಿಡ್ಡಪ್ಪ ಹೇಳಿದ್ದಕ್ಕೆ ಅವನನ್ನೇ ಬೈದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊದಲ ದಿನ ಗಿಡ್ಡಪ್ಪನಿಗೆ ಅವನು ಹೇಳಿಕೊಟ್ಟದ್ದೂ ಅಷ್ಟೇ: ಕೀ ತೆಗೆದರೆ ಕ್ಯಾಮೆರಾ ಮಲಗುತ್ತದೆ.

ಇದು ಹೆಣ್ಣಿನ ವಿಚಾರ ಅಂತ ಈರಭದ್ರಪ್ಪ ತೀರ್ಮಾನ ಕೊಟ್ಟಾಗಿತ್ತು. ಯಾರದೋ ಮನೆಯ ಹೆಂಗಸು, ಅವಳ ಮಾನ ಉಳಿಸಲು ಕಾರ್ಡು ಎಗರಿಸಿದ್ದಾನೆ, ಅವಳು ಸಿಕ್ಕರೆ ಇವನೂ ಸಿಕ್ಕ. ಮಧ್ಯಾಹ್ನವೇ ಜೀಪು ತರೀಕೆರೆಯ ಟೀ ಗೂಡಿನ ಮುಂದೆ ನಿಂತಿತು. ಗೂಡಿನ ಅಂಜಿನಮ್ಮನಿಗೆ ಗಿಡ್ಡಪ್ಪ ಚೆನ್ನಾಗಿ ಗೊತ್ತು. ಬಂದಾಗಲೆಲ್ಲ ಗಾಡಿಗೆ ಎರಡು ಟೀ ಒಯ್ಯುತ್ತಾನೆ ಅಂದಳು. ಈರಭದ್ರಪ್ಪ ಗೆದ್ದವರ ಹಾಗೆ ನಿಶ್ಚಿತಾಳತ್ತ ನೋಡಿದರು.

"ಆ ಹೆಂಗಸನ್ನ ನೋಡಿದೀರಾ?"

"ಇಲ್ಲ ಕಣವ್ವ."

"ಗ್ಲಾಸು ಯಾರು ತಂದು ಕೊಡ್ತಾರೆ?"

"ಅವನೇ. ಒಂದು ಖಾಲಿ ಇರ್ತದೆ, ಇನ್ನೊಂದು ತುಂಬಿದ್ದು ತುಂಬಿದಂಗೇ. ಮರದ ಬುಡಕ್ಕೆ ಚೆಲ್ಲಿ, ತೊಳೆದು ಕೊಡ್ತಾನೆ." ಅಂಜಿನಮ್ಮ ಒಲೆಯ ಕಡೆ ತಿರುಗಿದಳು. "ನಾನು ಕೇಳಕ್ಕೆ ಹೋಗ್ಲಿಲ್ಲ."

ಈರಭದ್ರಪ್ಪನವರ ಮುಖ ಇಳಿಯಿತು. ವಾಪಸ್ ಬರುವಾಗ ನಿಶ್ಚಿತಾಳಿಗೆ ಯಾರೋ ತನ್ನ ಅಡುಗೆಮನೆಯ ಬಾಗಿಲು ತೆರೆದು ಇಣುಕಿದ ಹಾಗನಿಸಿತು.

ಚೌಳಹಿರಿಯೂರಿನ ಅಕ್ಕನ ಮನೆಗೆ ಗಿಡ್ಡಪ್ಪ ಹೋಗಿರಲಿಲ್ಲ. ಮದುವೆ ಅಂತ ಒಂದು ಅವನ ಹಣೆಯಲ್ಲಿ ಬರೆದಿರಲಿಲ್ಲ, ಬೇಜಾರಾದರೆ ಬೀರೂರು ಸ್ಟೇಷನ್ನಿನಲ್ಲಿ ಜನ ನೋಡುತ್ತಾ ಕೂರುತ್ತಾನೆ ಎಂದು ಅಕ್ಕ ಹೇಳಿದಳು. ಮಂಗಳವಾರ ಸಂಜೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕ. ಐವತ್ತು ದಾಟಿದ ಸಣಕಲು ಮನುಷ್ಯ. ಮಡಿಲಲ್ಲಿದ್ದ ಚೀಲದಲ್ಲಿ ಸ್ಟೀರಿಯೋ, ಕ್ಯಾಮೆರಾ, ಎರಡನ್ನೂ ಟವೆಲಿನಲ್ಲಿ ಸುತ್ತಿಟ್ಟಿದ್ದ. ಓಡುವ ಪ್ರಯತ್ನವನ್ನೇ ಮಾಡಲಿಲ್ಲ.

"ಯಾರವಳು, ಗಿಡ್ಡಪ್ಪ?"

"ಯಾರೂ ಇಲ್ಲ ಮೇಡಂ. ಮದುವೆ ಆಗಿದ್ರೆ ಇರ್ತಿದ್ಲು."

ಆಮೇಲೆ ತಾನಾಗಿಯೇ ಹೇಳಿದ. ಕ್ಯಾಮೆರಾ ಬಂದ ಮೇಲೆ ದಾರಿಯಲ್ಲಿ ಪಕ್ಕದ ಖಾಲಿ ಸೀಟಿನ ಜೊತೆ ಮಾತು ಬಿಟ್ಟಿದ್ದ. ಕೀ ತೆಗೆದು, ಟೀ ಹೊತ್ತಿನಲ್ಲಿ ಮಾತ್ರ ಆಡುತ್ತಿದ್ದ. ಹೊಸ ಸ್ಟೀರಿಯೋ ಬೇರೆ, ಸಾಹುಕಾರರ ಫೋನು ಬಂದರೆ ತಾನೇ ಎತ್ತಿಬಿಡುತ್ತಿತ್ತು. ಅವಳು ಕೂರುವ ಕಡೆಯ ಸ್ಪೀಕರಿನಿಂದಲೇ ಎಲ್ಲಿದೀಯೋ ಅಂತ ಅವರ ದನಿ. ಅದಕ್ಕೇ ಹಳೆಯದನ್ನು ವಾಪಸ್ ಕೂರಿಸಿದ.

"ಒಂದ್ ದಿನದ್ದು ಕೇಳಿ ಊರೆಲ್ಲ ನಗ್ತು. ಕಾರ್ಡಲ್ಲಿ ಮೂರು ವಾರದ್ದೈತೆ ಮೇಡಂ."

"ಮುರಿದು ಹಾಕ್ಬೋದಿತ್ತಲ್ಲ?"

"ಮನಸು ಬರ್ಲಿಲ್ಲ," ಅಂದ ಗಿಡ್ಡಪ್ಪ. "ಅವಳ ಜೊತೆ ಆಡಿದ ಮಾತಲ್ವಾ."

ಠಾಣೆಯಲ್ಲಿ ಜಪ್ತಿ ಪಂಚನಾಮೆಗೆ ಪಂಚರಾಗಿ ಬಂದವರು ಮಂಡಿಯವರೇ ಇಬ್ಬರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಳಗೇನಿದೆ ಅಂತ ಖಾತ್ರಿ ಮಾಡಿಕೊಂಡರೆ ಒಳ್ಳೆಯದಲ್ಲವೇ ಎಂದು ಒಬ್ಬ ಕುರ್ಚಿ ಮುಂದೆ ಎಳೆದುಕೊಂಡ. ಗಿಡ್ಡಪ್ಪ ನೆಲ ನೋಡುತ್ತಾ ಕೂತಿದ್ದ.

"ಬೇಡ. ನಾವು ತೆರೆದ್ರೆ ಸಾಕ್ಷ್ಯ ಕೆಡುತ್ತೆ," ಅಂದಳು ನಿಶ್ಚಿತಾ. "ಕಪ್ಪು ಬಣ್ಣದ ಮೆಮೊರಿ ಕಾರ್ಡ್ ಒಂದು ಅಂತ ಬರೀರಿ. ಅರಗು ಹಾಕಿ."

ನಾಳೆ ಕೋರ್ಟು ಕೇಳಿದರೆ ತೆರೆಯಲೇಬೇಕಾಗುತ್ತದೆ ಎಂಬುದನ್ನೂ ಅವಳು ಗಿಡ್ಡಪ್ಪನಿಗೆ ಮುಚ್ಚಿಡಲಿಲ್ಲ. ಅವನು ತಲೆಯಾಡಿಸಿದ. ಬಾಗಿಲಲ್ಲಿ ನಿಂತಿದ್ದ ದುಶ್ಯಂತ್, ದೂರು ವಾಪಸ್ ತೆಗೆದುಕೊಳ್ಳಬಹುದಾ ಎಂದು ಮೆಲ್ಲಗೆ ಕೇಳಿದ. ಇನ್ನು ಅದು ಕೋರ್ಟಿಗೆ ಬಿಟ್ಟದ್ದು, ನೀವು ಮೊದಲು ಗ್ರೂಪಿನಲ್ಲಿರುವುದನ್ನು ಅಳಿಸಿ ಎಂದಳು. ಅಳಿಸಿದ. ಚೆಲ್ಲಿದ ಸಾಸಿವೆಯನ್ನು ಎಷ್ಟು ಅಂತ ಆಯಲಾಗುತ್ತದೆ?

ಬುಧವಾರ ಬೆಳಗ್ಗೆ ಆರೋಪಿಯನ್ನು ತರೀಕೆರೆ ಕೋರ್ಟಿಗೆ ಕರೆದೊಯ್ಯುವಾಗ ಜೀಪು ಅಂಜಿನಮ್ಮನ ಗೂಡಿನ ಮುಂದೆ ನಿಂತಿತು. ಗಿಡ್ಡಪ್ಪನನ್ನು ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿದರು. ಅಂಜಿನಮ್ಮ ಅಭ್ಯಾಸಬಲದಿಂದ ಅವನ ಕೈಗೆ ಎರಡು ಗ್ಲಾಸು ಇಟ್ಟಳು. ಎರಡನ್ನೂ ಹಿಡಿದುಕೊಂಡು ಅವನು ಸುಮ್ಮನೆ ಕೂತ.

ನಿಶ್ಚಿತಾ ಬಂದು ಅದೇ ಕಲ್ಲಿನ ಮೇಲೆ ಪಕ್ಕದಲ್ಲಿ ಕೂತು, ಒಂದು ಗ್ಲಾಸಿಗೆ ಕೈ ಚಾಚಿದಳು. ಅವನು ತಕ್ಷಣ ಬಿಡಲಿಲ್ಲ, ಆಮೇಲೆ ಬಿಟ್ಟ. ಇಬ್ಬರೂ ರಸ್ತೆ ನೋಡುತ್ತಾ ಕುಡಿದರು.

"ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು," ಅಂದಳು ಅವಳು.

ಮಂಡಿಯವರ ಹಾಗೆ ಇವಳೂ ಆಡಿಕೊಳ್ಳುತ್ತಿದ್ದಾಳಾ ಅಂತ ಗಿಡ್ಡಪ್ಪ ತಿರುಗಿ ನೋಡಿದ. ಅವಳು ಬಗ್ಗಿ ಟೀ ಊದುತ್ತಿದ್ದಳು.

"ಹ್ಞೂಂ ಕಣವ್ವ," ಅಂದ. "ಅಂಜಿನಮ್ಮ ಯಾವಾಗ್ಲೂ ಹಂಗೇ ಹಾಕೋದು."

ಅವತ್ತು ಎರಡು ಗ್ಲಾಸೂ ಖಾಲಿಯಾಗಿ ವಾಪಸ್ ಹೋದವು.