ಆತಿಥೇಯರ ಏಳು ಚಿನ್ನ

ಬೋರ್ಡಿನ ಮೇಲೆ ಭಾರತಕ್ಕೆ ನಿನ್ನೆ ಸಿಕ್ಕ ಚಿನ್ನ ಏಳು. ಅತಿಥಿಗಳ ಕೈಯಲ್ಲಿದ್ದ ಪತ್ರಿಕೆಯಲ್ಲಿ ಎರಡು.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿದ್ದ ಕಾಲ. ಹೈದರಾಬಾದಿನಲ್ಲೇ ಆಫ್ರಿಕಾ, ಏಷ್ಯಾ ದೇಶಗಳ ಕ್ರೀಡಾಕೂಟ. ಸಾಫ್ಟ್‌ವೇರ್ ಕಂಪನಿಯ ಬಾಗಿಲಲ್ಲೇ ಇದ್ದ ಪದಕಗಳ ಬೋರ್ಡು ನೋಡಿ ನೈರೋಬಿಯ ಗಿರಾಕಿಗಳು ಹೊಟ್ಟೆ ಹಿಡಿದು ನಕ್ಕರು — “ಮಿಕ್ಕ ಐದು ಚಿನ್ನ ಆಫೀಸಿನಲ್ಲೇ ಗೆದ್ದಿರೋ?”

ಆಡಳಿತ ನೋಡಿಕೊಳ್ಳುವ ಬೀದರಿನ ಸತೀಶ ಕೆಂಡವಾದ. “ಅಂಕಿ ತಿದ್ದಿದವ ಸಂಜೀಯೊಳಗ ಕೆಲಸ ಬಿಡಬೇಕು. ಯಾರೇ ಆಗಿರ್ಲಿ.”

ಕಣ್ಣು ಮಾತ್ರ ಬೋರ್ಡು ಬರೆಯುವ ಕಾವಲುಗಾರ ತಾಯಪ್ಪನ ಮೇಲೆ. ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಕೊನೆಗೆ ಅದರ ನೆರಳಲ್ಲೇ ಕೆಲಸ ಗಿಟ್ಟಿಸಿದ್ದವ ಅವನು.

ಚಹಾ ತಂದ ಗದಿಗೆಮ್ಮ ಅಲ್ಲೇ ನಿಂತಳು. ಯಾರ ಚಹಾಕ್ಕೆ ಎಷ್ಟು ಸಕ್ಕರೆ, ಯಾರ ಮಾತಿಗೆ ಎಷ್ಟು ಸುಳ್ಳು — ಎರಡೂ ಅವಳಿಗೆ ಗೊತ್ತು.

“ತಾಯಪ್ಪಣ್ಣ, ನೀ ಏನ್ ಬರ್ದಿದ್ದಿ?”

“ರೇಡಿಯೋದಾಗ ಕೇಳಿ ಯಾಡು ಅಂತ ಬರ್ದಿದ್ದೆ ಅಕ್ಕ. ಅಂಕಿನ್ಯಾಗ.”

ಸ್ವಾಗತ ಮೇಜಿನ ಸ್ನೇಹಲತಾ ತಾನಾಗಿಯೇ ಹೇಳಿದಳು, “ನಾ ಬಂದಾಗ್ಲೇ ಏಳಿತ್ತು.”

“ನಿಮಗಿಂತ ಮೊದ್ಲು ಒಳಗ ಹೋದವ್ರು?”

“ದೊಡ್ಡ ಸಾಹೇಬ್ರು ಒಬ್ರ,” ಎಂದ ತಾಯಪ್ಪ.

ಹೈದರಾಬಾದಿನಲ್ಲೇ ಹುಟ್ಟಿ ತೆಲುಗಿನಲ್ಲೇ ಬೆಳೆದ ಕನ್ನಡಿಗ, ಕಂಪನಿಯ ಮುಖ್ಯಸ್ಥ ಮಹೇಶಕುಮಾರ ಪಕ್ಕದಲ್ಲೇ ಟೈ ಸರಿಮಾಡಿಕೊಳ್ಳುತ್ತಿದ್ದರು.

“ಸಾಹೇಬ್ರನ್ನ ವಿಚಾರಣೆ ಮಾಡ್ತಿಯೇನು?” ಸತೀಶ ಗದರಿದ.

“ಇಲ್ರಿ, ತಾಯಪ್ಪಣ್ಣನ್ನ ಕೇಳಾಕತ್ತೀನಿ. ಗೇಟಿನ್ಯಾಗ ಸಾಹೇಬ್ರು ಏನರ ಕೇಳಿದ್ರೇನು?”

“ಚಿನ್ನ ಎಷ್ಟಂತ ತೆಲುಗಿನ್ಯಾಗ ಕೇಳಿದ್ರು. ಯಾಡು ಅಂದೆ. ಭಾಳ ಖುಷಿ ಆದ್ರು.”

“ಎರಡಕ್ಕ ಅಷ್ಟು ಖುಷಿ?” ಗದಿಗೆಮ್ಮ ತಟ್ಟೆ ಕೆಳಗಿಟ್ಟಳು. “ನೀವೆಲ್ಲಾ ಸುಳ್ಳು ಬರ್ದವನ್ನ ಹುಡುಕಾಕತ್ತೀರಿ. ಸುಳ್ಳು ಯಾರೂ ಬರ್ದಿಲ್ರಿ. ನಮ್ಮ ಕಡೆ ಯಾಡು ಅಂದ್ರ ಎರಡು. ತೆಲುಗಿನ್ಯಾಗ ಏಡು ಅಂದ್ರ ಏಳು. ಏಳು ಅಂತ ತಿಳ್ಕೊಂಡವ್ರು ಒಳಗ ಬಂದು ಎರಡು ನೋಡಿದ್ರ? ಪಾಪ, ತಾಯಪ್ಪ ತಪ್ಪಿ ಬರ್ದಾನ ಅಂತ ತಿದ್ದತಾರ. ಹೌದಲ್ರಿ, ಸಾಹೇಬ್ರ?”

ಮಹೇಶಕುಮಾರರ ಕೈ ಕೋಟಿನ ಜೇಬಿಗೆ ಇಳಿಯಿತು. ಹೊರಬಂದದ್ದು ಬೋರ್ಡಿನ ಪೆನ್ನು.

“ಅವನ ಮರ್ಯಾದೆ ಉಳಿಸೋಣ ಅಂತ ತಿದ್ದಿದೆ,” ಎಂದರು ಮೆಲ್ಲಗೆ. “ಅವರೆಲ್ಲ ನಕ್ಕಮೇಲೆ ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಸುಮ್ಮನಾದೆ.”

ತಾಯಪ್ಪ ಆ ಪೆನ್ನು ತೆಗೆದುಕೊಂಡು ಬೋರ್ಡಿನತ್ತ ನಡೆದ. ಗದಿಗೆಮ್ಮ ಸಾಹೇಬರಿಗೊಂದು ಚಹಾ ಕೊಟ್ಟು, ಸತೀಶನತ್ತ ತಿರುಗಿದಳು.

“ಸಂಜೀಯೊಳಗ ಕೆಲಸ ಬಿಡಬೇಕು, ಯಾರೇ ಆಗಿರ್ಲಿ ಅಂದಿದ್ರಿ. ಸಾಹೇಬ್ರಿಗೆ ನೀವ ಹೇಳ್ತೀರೋ, ನಾ ಹೇಳ್ಲೋ?”